ಕಡಲೆ ಹುಳಿಯ ಬರಣಿ

ಹುಕ್ಕೇರಿ,
ಮಾಘ ಮಾಸ, ೧೯೩೬

ಚಿರಂಜೀವಿ

ಹೀಗೆ ಬರೆದು ಮುಂದೆ ಹೆಸರಿಗೆ ಜಾಗ ಬಿಟ್ಟಿದ್ದೇನೆ. ನಿನಗಿನ್ನೂ ಹೆಸರಿಲ್ಲ. ನೀನು ಗಂಡೋ ಹೆಣ್ಣೋ ಅದೂ ಯಾರಿಗೂ ತಿಳಿಯದು. ಅರಭಾವಿಯಲ್ಲಿ ನಮ್ಮ ಮನೆಯ, ಅಲ್ಲ, ನಿಮ್ಮ ಮನೆಯ ನಡುಕೋಣೆಯಲ್ಲಿ ಪದ್ಮವ್ವನ ಹೊಟ್ಟೆಯೊಳಗೆ ಬೆಚ್ಚಗೆ ಮಲಗಿದ್ದೀಯ ಎನ್ನುವುದಷ್ಟೇ ನಿನ್ನ ವಿಳಾಸ. ಟಪಾಲಿನವನು ಅಲ್ಲಿಗೆ ಹೋಗಲಾರ ಎಂದು ನನಗೂ ಗೊತ್ತು. ಆದರೂ ಬರೆಯುತ್ತಿದ್ದೇನೆ. ಈ ಸಂಗತಿ ಗೊತ್ತಿರುವವರೆಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಾರೆ. ಅವರಿಗೆ ಬರೆದು ಮಾಡುವುದೇನು? ಗೊತ್ತಿಲ್ಲದವರೆಂದರೆ ನೀನೊಬ್ಬ, ಇಲ್ಲವೆ ನೀನೊಬ್ಬಳು.

ನಾನು ಕಾಶೆವ್ವ, ನಿನ್ನಪ್ಪನ ಮೊದಲ ಹೆಂಡತಿ. ಅವರ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಈ ತಿಂಗಳು ಎರಡು ಮೂರು ಸಲ ಜೋರಾಗಿ ಕೂಗಿಬಿಡಲೇ ಅನಿಸಿತು. ಕೂಗಲಿಲ್ಲ. ಅವರು ನಿನ್ನನ್ನು ಎತ್ತಿ ಆಡಿಸಬೇಕಲ್ಲ, ಇರಲಿ, ಬದುಕಲಿ.

ನಾನು ಬರೆಯಲು ಕಲಿತದ್ದು ಇಲ್ಲೇ ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ. ಅರಭಾವಿಗೆ ಹೋದ ಮೇಲೆ ಆ ವಿದ್ಯೆ ಉಪ್ಪಿನಕಾಯಿ ಬರಣಿಯ ಮೇಲೆ ಮಾವು ಯಾವುದು, ನಿಂಬೆ ಯಾವುದು ಎಂದು ಚೀಟಿ ಅಂಟಿಸುವುದಕ್ಕೆ ಮಾತ್ರ ಉಪಯೋಗಕ್ಕೆ ಬಂತು. ಆ ಮನೆಯಲ್ಲಿ ನನಗೆ ಸಿಕ್ಕದ್ದು ಅಡಿಗೆಮನೆ. ಕೂಸು ಆಗಲಿಲ್ಲ. ಬೈಲಹೊಂಗಲದ ವೈದ್ಯರ ಔಷಧ ಕುಡಿದೆ, ಮಠದ ಸ್ವಾಮಿಗಳ ಪಾದೋದಕ ತೆಗೆದುಕೊಂಡೆ, ಯಾರು ಏನು ಬೇರು ಕೊಟ್ಟರೂ ಅರೆದು ಕುಡಿದೆ. ಕಡೆಗೆ ನಿನ್ನ ಅಜ್ಜಿ, ನನ್ನ ಅತ್ತೆ ಉದ್ದವ್ವ, ಒಂದು ಮುಂಜಾನೆ ರೊಟ್ಟಿ ತಿನ್ನುತ್ತ, "ಇನ್ನೊಂದ ಹೆಣ್ಣ ನೋಡೋಣೇನ?" ಎಂದು ನನ್ನನ್ನೇ ಕೇಳಿದರು. ಬಾಜೂ ಮನೆಯಿಂದ ಮೊಸರು ತರೋಣವೇ ಎಂದು ಕೇಳಿದ ಹಾಗಿತ್ತು. ನಾನು, "ನೋಡ್ರಿ ಅತ್ತಿ" ಎಂದೆ. ಬೇರೆ ಏನು ಹೇಳಬೇಕಿತ್ತು?

ಹೆಣ್ಣು ನೋಡಲು ಬೆಲ್ಲದ ಬಾಗೇವಾಡಿಗೆ ನಾನೂ ಹೋಗಿದ್ದೆ. ಮೊದಲ ಹೆಂಡತಿ ಖುಷಿಯಿಂದ ಒಪ್ಪಿದ್ದಾಳೆಂದು ಜನಕ್ಕೆ ತೋರಿಸಬೇಕಿತ್ತಲ್ಲ, ಅದಕ್ಕೆ ನನ್ನನ್ನು ಗಾಡಿಯಲ್ಲಿ ಮುಂದೆ ಕೂರಿಸಿಕೊಂಡು ಹೋದರು. ಪದ್ಮವ್ವ ತಾಯಿಯಿಲ್ಲದ ಹುಡುಗಿ. ಅಜ್ಜಿ ಸಾಕಿದ್ದಳು. ಒಲೆಯ ಮುಂದೆ ಕೂರಿಸಿ ರೊಟ್ಟಿ ಬಡಿಯಲು ಹೇಳಿದರು. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಹಾಕುವಾಗಲೇ ಹರಿಯಿತು. ಇನ್ನೊಂದು ಬಡಿದಳು, ಅದರ ಅಂಚು ಹಸಿ, ನಡು ಕರಕಲು. ಅವಳಿಗೆ ಅಳು ಬಂತು. ಅತ್ತೆ ನನ್ನ ಮುಖ ನೋಡಿದರು. ನಾನು, "ಹುಡುಗಿ ಚಲೋ ಅದಾಳ, ಅಡಿಗಿ ನಾ ಕಲಸ್ತೇನಿ" ಎಂದೆ. ಜನ ಎಲ್ಲ ಕಾಶೆವ್ವನ ಮನಸ್ಸು ದೊಡ್ಡದು ಎಂದರು. ದೊಡ್ಡದೂ ಇಲ್ಲ ಏನೂ ಇಲ್ಲ. ರೊಟ್ಟಿ ಬಡಿಯಲು ಬಾರದವಳು ಬಂದರೆ ಒಲೆ ನನ್ನ ಕೈಯಲ್ಲೇ ಉಳಿಯುತ್ತದೆ ಎಂದು ನನ್ನ ಲೆಕ್ಕ. ಹಾಸಿಗೆ ಹೋಯಿತು, ಒಲೆಯಾದರೂ ಇರಲಿ ಎಂದುಕೊಂಡೆ.

ಆದರೆ ಪದ್ಮವ್ವನ ಮೇಲೆ ನನಗೆ ಜೀವ ಹತ್ತಿತು ಎನ್ನುವುದನ್ನೂ ಬರೆಯಲೇಬೇಕು. ಹತ್ತದೆ ಏನು ಮಾಡುತ್ತದೆ? ಇಡೀ ದಿನ ಅಕ್ಕಾ ಅಕ್ಕಾ ಎಂದು ಸೆರಗು ಹಿಡಿದುಕೊಂಡು ಹಿಂದೆ ತಿರುಗುತ್ತಿದ್ದಳು. ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳುವುದನ್ನು ಕಲಿಸಿದೆ. ಅವಳು ಪ್ರತಿ ಸಲ ತೊಟ್ಟಿನವರೆಗೂ ಸೀಳಿ, ತುಂಬಿದ ಗುರೆಳ್ಳು ಶೇಂಗಾದ ಪುಡಿಯನ್ನೆಲ್ಲ ಎಣ್ಣೆಯಲ್ಲಿ ಈಜಲು ಬಿಡುತ್ತಿದ್ದಳು. ಬೈದರೆ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆ ಮನೆಯಲ್ಲಿ ಅಡಿಗೆಮನೆಯಿಂದ ನಗು ಕೇಳಿಸಿದ್ದು ಅದೇ ಮೊದಲು. ಅತ್ತೆ ಒಂದೆರಡು ಸಲ ಬಂದು ಹಣಕಿ ನೋಡಿ ಹೋದರು.

ಶೀಗಿ ಹುಣ್ಣಿಮೆಯ ಹೊತ್ತಿಗೆ ನೀನು ಇದ್ದೀಯೆಂದು ಖಾತ್ರಿಯಾಯಿತು. ಮೊದಲು ನನಗೇ ಗೊತ್ತಾದದ್ದು. ಒಗ್ಗರಣೆಯ ಬಳ್ಳೊಳ್ಳಿ ವಾಸನೆಗೆ ಪದ್ಮವ್ವ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಬಂದವಳು ನನ್ನ ಭುಜಕ್ಕೆ ತಲೆ ಇಟ್ಟು, "ಅಕ್ಕಾ, ಕೂಸು ಹುಟ್ಟಿದ ಕೂಡ್ಲೆ ನಿಮ್ಮ ಉಡ್ಯಾಗ ಹಾಕ್ತೇನ್ರಿ. ನೀವ ದೊಡ್ಡವ್ವ, ನಾ ಬರೇ ಹಡದಾಕಿ" ಎಂದಳು. ನಾನು ಆಣೆ ಹಾಕಿಸಿಕೊಳ್ಳಲಿಲ್ಲ, ನಾನಾಗಿ ಕೇಳಲೂ ಇಲ್ಲ. ಅವಳೇ ಆಡಿದ ಮಾತು. ಅತ್ತೆಯೂ ಅಂದು ಸಂಜೆ ಕೈಯಲ್ಲಿ ಲಿಂಗ ಹಿಡಿದುಕೊಂಡೇ, "ಎತ್ತಿ ಆಡ್ಸಾಕಿ ನೀನ ನೋಡ ಕಾಶೆವ್ವ" ಎಂದರು. ನಿನ್ನಪ್ಪ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡು ಮೀಸೆಯೊಳಗೇ ನಕ್ಕರು. ಇಷ್ಟು ಜನರ ಮಾತು ನಂಬಿದೆ. ಆ ಚಳಿಗಾಲವೆಲ್ಲ ನಾನು ಮಾಡಿದ ಅಡಿಗೆಯಲ್ಲಿ ಉಪ್ಪಿನ ಜೊತೆಗೆ ಆ ನಂಬಿಕೆಯೂ ಬಿದ್ದಿದೆ, ನೀನು ಅದನ್ನೂ ಉಂಡಿದ್ದೀಯ.

ನೀನು ಬಲು ನಾಜೂಕು ನಾಲಗೆಯ ಕೂಸು. ನಿನ್ನೆಯದು ನಿನಗೆ ನಡೆಯುತ್ತಿರಲಿಲ್ಲ. ಆಗಷ್ಟೇ ಹೊಲದಿಂದ ಬಂದದ್ದಾದರೆ ಪದ್ಮವ್ವನ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು, ಹಿಂದಿನ ದಿನ ಕೊಯ್ದದ್ದಾದರೆ ವಾಂತಿ. ನಾನು ದಿನ ಬೆಳಗಾದರೆ ಹೊಲಕ್ಕೆ ಹೋಗತೊಡಗಿದೆ. ಹಕ್ಕರಿಕೆಯ ಎಳೆ ಎಲೆ ತಂದು ಹಸಿ ಉಳ್ಳಾಗಡ್ಡಿ, ಗುರೆಳ್ಳಿನ ಹಿಂಡಿ ಚಟ್ನಿಯ ಜೊತೆ ಕೊಟ್ಟೆ. ಮೆಂತ್ಯದ ಕುಡಿ, ಉಳ್ಳಾಗಡ್ಡಿ ತಪ್ಪಲು, ಹಿತ್ತಲ ಬೇಲಿಯ ಅವರೆ. ಚಳಿ ಹೆಚ್ಚಾದ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ. ನಿನಗೆ ಎಲ್ಲಕ್ಕಿಂತ ಸೇರಿದ್ದು ಕಡಲೆ ತಪ್ಪಲಿನ ಪಲ್ಯ. ಎರೆಹೊಲದ ಕಡಲೆ ಗಿಡ ಗೇಣುದ್ದ ಆದಾಗ ಅದರ ಕುಡಿ ಚಿವುಟಬೇಕು. ಚಿವುಟಿದಷ್ಟೂ ಗಿಡ ಕವಲೊಡೆದು ಹಬ್ಬುತ್ತದೆ. ಆ ಕುಡಿಯನ್ನು ತೊಳೆಯಬಾರದು. ಎಲೆಯ ಮೇಲೆ ಕಣ್ಣಿಗೆ ಕಾಣದ ಹುಳಿ ಇರುತ್ತದೆ, ನೀರು ತಾಕಿದರೆ ಅದು ಹೋಯಿತು. ಹಾಗೇ ಕೊಡವಿ, ಹೆಚ್ಚಿ, ಜೋಳದ ನುಚ್ಚು ಹಾಕಿ ಬೇಯಿಸಿ, ಬಳ್ಳೊಳ್ಳಿ ಜಜ್ಜಿ ಒಗ್ಗರಣೆ ಕೊಡಬೇಕು. ಅದನ್ನು ಪದ್ಮವ್ವ ಬಿಸಿ ರೊಟ್ಟಿಯ ಜೊತೆ ಮೂಗಿನ ಮೇಲೆ ಬೆವರು ಬರುವ ತನಕ ತಿನ್ನುತ್ತಿದ್ದಳು. ಒಗ್ಗರಣೆ ವಾಸನೆಗೆ ಓಡುತ್ತಿದ್ದವಳು ಈಗ ಒಲೆಯ ಬುಡ ಬಿಟ್ಟು ಏಳುತ್ತಿರಲಿಲ್ಲ.

ಅದನ್ನು ನೋಡಿದ ಅತ್ತೆ ಹುಳಿಗೇ ಬೇಲಿ ಹಾಕಿದರು. "ಬಸರಾಗ ಹುಳಿ ತಿಂದ್ರ ಕೂಸಿಗೆ ನಂಜಾಗತೈತಿ. ಪಲ್ಯ ತೊಳದು ಮಾಡು. ಹುಣಸಿಹಣ್ಣು, ಪುಂಡಿಪಲ್ಯ ಏನೂ ಕೊಡಬ್ಯಾಡ" ಎಂದು ನನಗೆ ತಾಕೀತು ಮಾಡಿದರು. ನಾನು ತೊಳೆದೇ ಮಾಡಿದೆ. ತೊಳೆದ ಪಲ್ಯ ಬರೀ ಹುಲ್ಲು. ಪದ್ಮವ್ವ ಒಂದು ತುತ್ತು ಬಾಯಿಗಿಟ್ಟು ತಾಟು ಸರಿಸಿದಳು. ಮರುದಿನವೂ ಹಾಗೇ. ಆಮೇಲೆ ರೊಟ್ಟಿಯೂ ಸೇರದಾಯಿತು, ಹಾಲೂ ಸೇರದಾಯಿತು. ಕಣ್ಣು ಗುಳಿ ಬಿದ್ದವು. ಒಂದು ಮಧ್ಯಾಹ್ನ ನಾನು ಬೀಸುವ ಕಲ್ಲಿನ ಮುಂದೆ ಕೂತಿದ್ದಾಗ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಒಂದೀಟ ಕಡಲಿ ಹುಳಿ ಹಿಡದ ಕೊಡ್ರಿ. ನಾಲಗಿಗಿ ಹಚ್ಚಿಕೊಂಡ್ರ ಸಾಕು. ಅತ್ತಿಗಿ ಗೊತ್ತಾಗೂದ ಬ್ಯಾಡ" ಎಂದಳು. ನೀನೂ ಒಳಗಿಂದ ಕೇಳಿಸಿಕೊಂಡಿರಬೇಕು.

ಕಡಲೆ ಹುಳಿ ಹಿಡಿಯುವುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಸಂಜೆ ಒಂದು ತೆಳ್ಳನೆಯ ಅರಿವೆಯನ್ನು ಕಡಲೆ ಗಿಡಗಳ ಮೇಲೆ ಹಾಸಿ ಬರಬೇಕು. ಇಬ್ಬನಿ ಬಿದ್ದು, ಎಲೆಯ ಹುಳಿಯೆಲ್ಲ ಅರಿವೆಗೆ ಇಳಿಯುತ್ತದೆ. ಬಿಸಿಲು ಏಳುವ ಮೊದಲೇ ಹೋಗಿ ಅದನ್ನು ಹಿಂಡಿಕೊಳ್ಳಬೇಕು. ಹೊಟ್ಟೆನೋವು ಬಂದರೆ, ಅಜೀರ್ಣವಾದರೆ ಅದೇ ಔಷಧ, ಸಾರಿಗೆ ಒಂದು ಹನಿ ಬಿಟ್ಟರೆ ಅದೇ ರುಚಿ. ಆದರೆ ಅರಿವೆ ಹಳೆಯದಿರಬೇಕು, ಮೆತ್ತಗಿರಬೇಕು, ಹೊಸ ಗಂಜಿಯ ಬಟ್ಟೆ ಹುಳಿ ಹೀರುವುದಿಲ್ಲ. ನಾನು ನನ್ನ ಹಳೇ ಸೀರೆ ತೆಗೆದೆ. ಅದು ದಪ್ಪ ಇಳಕಲ್ಲು. ಪದ್ಮವ್ವ ತನ್ನ ಟ್ರಂಕು ತೆರೆದು ಒಂದು ಬಿಳಿ ಧೋತರ ತಂದು ಕೊಟ್ಟಳು. ಎಷ್ಟೋ ಸಲ ಒಗೆದು ಒಗೆದು ಹತ್ತಿಯಂತಾಗಿದ್ದ ಬಟ್ಟೆ. "ಯಾರದಿದು?" ಎಂದೆ. "ಹಳೇದ್ರಿ, ಅತ್ತಿ ಇಟ್ಟಾರ, ಯಾರೂ ಕೇಳೂದಿಲ್ಲ" ಎಂದಳು.

ಅದು ತೀರಿಹೋದ ನಿನ್ನ ಅಜ್ಜನ ಧೋತರ. ಆ ಮನೆಯ ಚೊಚ್ಚಲ ಕೂಸನ್ನು ಹುಟ್ಟಿದೊಡನೆ ಅದರಲ್ಲಿ ಸುತ್ತಿ ಎತ್ತಿಕೊಳ್ಳಬೇಕೆಂದು ಅತ್ತೆ ವರ್ಷಗಳಿಂದ ಕಾದಿಟ್ಟ ಬಟ್ಟೆ. ನೀನು ಇದ್ದೀಯೆಂದು ತಿಳಿದ ಮೇಲೆ ಅದನ್ನು ಪದ್ಮವ್ವನ ಟ್ರಂಕಿಗೆ ಸೇರಿಸಿದ್ದರು. ಏಕೆಂದು ಅವಳಿಗೆ ಹೇಳಿದ್ದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ನನಗಂತೂ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಅದೇ ಮನೆಯಲ್ಲಿ ಪ್ರತಿಯೊಂದು ಡಬ್ಬಿ, ಪ್ರತಿಯೊಂದು ಗಡಿಗೆ ಮುಟ್ಟಿದವಳು ನಾನು, ಆ ಬಟ್ಟೆಯೊಂದನ್ನು ನೋಡಿರಲಿಲ್ಲ. ಬಂಜೆಗೆ ಯಾರು ಕೂಸಿನ ಬಟ್ಟೆ ತೋರಿಸುತ್ತಾರೆ?

ಸಂಜೆ ದನಕ್ಕೆ ಮೇವು ತರುವ ನೆವದಲ್ಲಿ ಧೋತರ ಹಾಸಿ ಬರುತ್ತಿದ್ದೆ. ಬೆಳಿಗ್ಗೆ ಪಲ್ಯ ಚಿವುಟುವ ನೆವದಲ್ಲಿ ಹಿಂಡಿ ತರುತ್ತಿದ್ದೆ. ಒದ್ದೆ ಧೋತರ ಒಬ್ಬರೇ ಹಿಂಡುವುದು ಕಷ್ಟ. ಒಂದು ಬೆಳಿಗ್ಗೆ ನಿನ್ನಪ್ಪ ಹೊಲಕ್ಕೆ ಬಂದವರು ನಾನು ಒದ್ದಾಡುವುದನ್ನು ಕಂಡು ಇನ್ನೊಂದು ತುದಿ ಹಿಡಿದರು. ಇಬ್ಬರೂ ಎದುರುಬದುರು ನಿಂತು ತಿರುವಿ ತಿರುವಿ ಹಿಂಡಿದೆವು, ನಡುವೆ ಇಟ್ಟ ಬರಣಿಗೆ ಹಳದಿ ಹುಳಿ ತೊಟ್ಟಿಕ್ಕಿತು. "ಯಾರಿಗಿದು?" ಎಂದರು. "ನಿಮ್ಮ ಕೂಸಿಗೆ" ಎಂದೆ. ನಕ್ಕರು. "ಅವ್ವಗ ಹೇಳಬ್ಯಾಡ ಮತ್ತ" ಎಂದು ಅವರೇ ನನಗೆ ಎಚ್ಚರಿಕೆ ಕೊಟ್ಟರು. ಬಹಳ ವರ್ಷಗಳ ಮೇಲೆ ನಾವಿಬ್ಬರೂ ಸೇರಿ ಒಂದು ಕೆಲಸ ಮಾಡಿದ್ದೆವು. ಅವತ್ತು ಮನೆಗೆ ಬರುವಾಗ ಬುಟ್ಟಿ ಹಗುರವಾಗಿತ್ತು.

ಪದ್ಮವ್ವ ಚೇತರಿಸಿಕೊಂಡಳು. ಬರಣಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ. ಧೋತರವನ್ನು ಒಣಗಿಸಿ ಮಡಚಿ ಪದ್ಮವ್ವ ತನ್ನ ಟ್ರಂಕಿಗೇ ತಿರುಗಿ ಸೇರಿಸಿದ್ದಳು. ತೊಳೆದ ಪಲ್ಯಕ್ಕೆ ಬಡಿಸುವಾಗ ಒಂದು ಹನಿ, ಬೇಳೆಗೆ ಒಂದು ಹನಿ. ಗಲ್ಲ ತುಂಬಿಕೊಂಡವು, ನಗು ಮರಳಿತು. ಅತ್ತೆ ತಮ್ಮ ಪಥ್ಯ ಫಲ ಕೊಟ್ಟಿತೆಂದು ಓಣಿಯ ತುಂಬ ಹೇಳಿಕೊಂಡು ಬಂದರು. ನಾವಿಬ್ಬರೂ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

ಸಂಕ್ರಾಂತಿ ಕಳೆದ ಮೇಲೆ ಕುಬಸದ ಮಾತು ಬಂತು. ಬಸುರಿಗೆ ಹಸಿರು ಕುಬಸ ತೊಡಿಸಿ, ಹಸಿರು ಬಳೆ ಇಡಿಸಿ, ಐದು ಜನ ಮುತ್ತೈದೆಯರು ಉಡಿ ತುಂಬುವ ದಿನ. ಅದಕ್ಕೆ ಬಟ್ಟೆಬರೆ ಹೊಂದಿಸಲು ಅತ್ತೆ ಪದ್ಮವ್ವನ ಟ್ರಂಕು ತೆರೆದರು. ನಾವು ಉಣ್ಣಲು ಕೂತಿದ್ದೆವು. ಧೋತರ ಹಿಡಿದುಕೊಂಡು ಬಂದು ನಡುಮನೆಯಲ್ಲಿ ಬಿಡಿಸಿ ಹಿಡಿದರು. ಹುಳಿ ಅರಿವೆಯನ್ನು ತಿನ್ನುತ್ತದೆ ಎನ್ನುವುದು ನನಗೆ ಗೊತ್ತಿತ್ತು, ಅದಕ್ಕೇ ಹಳೇ ಬಟ್ಟೆ ಕೇಳಿದ್ದು. ಬಟ್ಟೆಯ ತುಂಬ ಹಳದಿ ಕಲೆ, ಹುಳ ತಿಂದ ಎಲೆಯಂತೆ ತೂತು. ಒಂದು ಮೂಲೆಯಲ್ಲಿ ಕಡಲೆಯ ಒಣ ಎಲೆ ಅಂಟಿತ್ತು. "ಇದನ್ನ ಹೊಲಕ್ಕ ಒಯ್ದಾರ್‍ಯಾರು?" ಎಂದರು. ಹೊಲಕ್ಕೆ ಹೋಗುತ್ತಿದ್ದವಳು ನಾನೊಬ್ಬಳೇ. "ನಾ ಒಯ್ದೇನ್ರಿ" ಎಂದೆ. "ಯಾಕ?" "ಹುಳಿ ಹಿಡಿಯಾಕ." "ಯಾರಿಗಿ?" ಎಂದು ಕೇಳಿದಾಗ ನಾನು ಪದ್ಮವ್ವನ ಕಡೆ ತಿರುಗಿ, "ಆಕೀನ ಕೇಳ್ರಿ ಅತ್ತಿ" ಎಂದೆ. ಅಷ್ಟೇ ನಾನು ಮಾಡಿದ್ದು. ಅವಳ ಹೆಸರನ್ನು ನಾನು ಎತ್ತಬಾರದು, ಅವಳೇ ಹೇಳಲಿ, ಹೇಳುತ್ತಾಳೆ ಎಂದುಕೊಂಡಿದ್ದೆ.

ಅವಳ ತಾಟಿನಲ್ಲಿ ಕಡಲೆ ಪಲ್ಯವಿತ್ತು. ಅದರ ಮೇಲೆ ನಾನು ಬಿಟ್ಟ ಹುಳಿಯ ಹನಿ ಇತ್ತು. ಅವಳು ತಾಟು ನೋಡುತ್ತ, "ನನಗೇನೂ ಗೊತ್ತಿಲ್ರಿ" ಎಂದಳು.

ಆಮೇಲೆ ಅತ್ತೆ ಅಂದದ್ದನ್ನೆಲ್ಲ ನಿನಗೆ ಬರೆಯುವುದಿಲ್ಲ. ನಿನಗೆ ಅವರು ಅಜ್ಜಿ, ನಿನ್ನನ್ನು ಪ್ರೀತಿಯಿಂದಲೇ ಸಾಕುತ್ತಾರೆ. ಮೊಮ್ಮಗುವಿನ ಬಟ್ಟೆಗೆ ಹುಳಿ ಹಾಕಿ ಸುಟ್ಟ ಬಂಜೆ ನಾಳೆ ಮೊಮ್ಮಗುವಿಗೆ ಏನು ಹಾಕುತ್ತಾಳೋ ಎಂದರು, ಅದೊಂದನ್ನು ಮಾತ್ರ ಬರೆದಿಡುತ್ತೇನೆ. ನಾನು ನಿನ್ನಪ್ಪನ ಕಡೆ ನೋಡಿದೆ. ಆ ಧೋತರದ ಇನ್ನೊಂದು ತುದಿ ಹಿಡಿದು ಹಿಂಡಿದವರು ಅವರು. ಬಟ್ಟೆ ಕಣ್ಣೆದುರೇ ತೂಗುತ್ತಿತ್ತು. ಅವರು ರೊಟ್ಟಿ ಮುರಿದು ಹಿಂಡಿಯಲ್ಲಿ ಅದ್ದಿಕೊಂಡು ತಿಂದರು. ಇನ್ನೊಂದು ರೊಟ್ಟಿಯನ್ನೂ ಕೇಳಿದರು. ಎದ್ದು ಬಡಿಸಿದವಳು ನಾನೇ.

ಮರುದಿನ ಅವರೇ ಗಾಡಿ ಕಟ್ಟಿ ನನ್ನನ್ನು ಇಲ್ಲಿಗೆ ತಂದು ಬಿಟ್ಟರು. ಘಟಪ್ರಭೆ ದಾಟಿದ ಮೇಲೆ ನಾನೇ ಕೇಳಿದೆ, ಒಂದು ಮಾತು ಯಾಕೆ ಆಡಲಿಲ್ಲ ಎಂದು. ಎತ್ತಿನ ಬಾಲ ತಿರುವುತ್ತ, "ಬಸರಾಕೀನ ಹೆಂಗ ಬೈಸಲಿ? ಆಕಿ ತಡಕೊಳ್ಳಾಕಿಲ್ಲ. ನೀ ಆದ್ರ ತಡಕೋತಿ" ಎಂದರು. ನನ್ನನ್ನು ಹೊಗಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. "ನಾಕ ದಿನ ತವರಾಗ ಇರು, ಅವ್ವನ ಸಿಟ್ಟ ಇಳೀಲಿ" ಎಂದೂ ಸೇರಿಸಿದರು. ನನ್ನ ಸಿಟ್ಟು ಇಳಿಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ನನ್ನ ಅಣ್ಣ ಶಿದ್ರಾಮ ಒಳ್ಳೆಯವನು. ಅವನ ಹೆಂಡತಿ, ನನ್ನ ವೈನಿಯೂ ಕೆಟ್ಟವಳಲ್ಲ. ಆದರೆ ಒಲೆ ಅವಳದು. ನಾನು ಉಪ್ಪಿನ ಡಬ್ಬಿ ಮುಟ್ಟುವ ಮೊದಲು ಅವಳ ಮುಖ ನೋಡುತ್ತೇನೆ. ಅಡಿಗೆಮನೆಯಲ್ಲಿ ನಿಂತು ಕೈ ಸುಮ್ಮನಿರುವುದು ಎಂಥ ಶಿಕ್ಷೆ ಎಂದು ನಿನಗೆ ಬೆಳೆದು ದೊಡ್ಡದಾದ ಮೇಲೂ ತಿಳಿಯಲಿಕ್ಕಿಲ್ಲ.

ಕಳೆದ ವಾರ ನಿಮ್ಮ ಮನೆಯ ಗಾಡಿ ಹೊಡೆಯುವ ಹೊಳೆಪ್ಪ ಬಂದ. ಕಟ್ಟೆಯ ಮೇಲೆ ಕೂತು ನೀರು ಕುಡಿದು, ನೆಲ ನೋಡುತ್ತ ಸುದ್ದಿ ಹೇಳಿದ. "ಕುಬಸದ ಅಡಿಗಿಗೆ ನೀವು ಬರಬೇಕಂತ್ರಿ, ದೊಡ್ಡವ್ವಾರ. ಎಣ್ಣಿಗಾಯಿ, ಮಾದಲಿ ನಿಮ್ಮಂಗ ಮಾಡಾವ್ರ ಊರಾಗ ಯಾರೂ ಇಲ್ಲಂತ ಅಮ್ಮಾವ್ರ ಅಂದಾರ." ಮತ್ತೇನಿದೆ ಹೇಳು ಎಂದೆ. ಅವನು ಪಟಗ ತೆಗೆದು ತಲೆ ಕೆರೆದುಕೊಂಡ. "ಉಡಿ ತುಂಬೂವಾಗ ಮಾತ್ರ ಹೊರಗ ಬರೂದ ಬ್ಯಾಡಂತ್ರಿ. ಅಡಗಿಮನ್ಯಾಗ ಇದ್ರ ಸಾಕಂತ" ಎಂದ. ಅವನ ತಪ್ಪೇನು? ಹೇಳಿ ಕಳಿಸಿದ್ದನ್ನು ಹೇಳಿದ.

ಬಂಜೆಯ ಕೈ ಊಟಕ್ಕೆ ಆಗುತ್ತದೆ, ಉಡಿಗೆ ಆಗುವುದಿಲ್ಲ. ನನ್ನ ಕೈಯ ಹುಳಿ ಕೂಸನ್ನು ಸುಡುತ್ತದೆ, ನನ್ನ ಕೈಯ ಮಾದಲಿಯನ್ನು ಮಾತ್ರ ನೂರು ಜನ ಬೆರಳು ಚೀಪಿ ತಿನ್ನಬಹುದು. ನಾನು ಬರುವುದಿಲ್ಲ ಎಂದೆ. "ಬುತ್ತಿ ಕಳಸ್ತೇನಿ, ಕುಬಸದ ಹಿಂದಿನ ದಿನ ಬಂದ ಒಯ್ಯಿ" ಎಂದೆ.

ಬಸುರಿಗೆ ತವರಿನಿಂದ ಬುತ್ತಿ ಬರಬೇಕು. ಅವಳ ಬಯಕೆಯ ತಿನಿಸುಗಳನ್ನೆಲ್ಲ ತಾಯಿ ಮಾಡಿ ಬಿಳಿ ಬಟ್ಟೆ ಕಟ್ಟಿದ ಬುಟ್ಟಿಯಲ್ಲಿ ಕಳಿಸುತ್ತಾಳೆ. ನಡುಮನೆಯಲ್ಲಿ ಹೆಂಗಸರೆಲ್ಲರ ಮುಂದೆ ಬುಟ್ಟಿ ಬಿಚ್ಚಿ, ಒಂದೊಂದನ್ನೂ ತೋರಿಸಿ, ಬಸುರಿಗೆ ತುತ್ತು ಇಡಬೇಕು. ಬಂದ ಬುತ್ತಿಯನ್ನು ಯಾವ ಅತ್ತೆಯೂ ಬೇಡ ಎನ್ನುವ ಹಾಗಿಲ್ಲ. ಪದ್ಮವ್ವನಿಗೆ ತಾಯಿಯಿಲ್ಲ, ಮುದುಕಿ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಅವಳಿಗೆ ಬುತ್ತಿ ಬರುವುದು ನನ್ನಿಂದ ಮಾತ್ರ ಸಾಧ್ಯ. ಅಕ್ಕಾ ಎಂದು ಕರೆದಿದ್ದಳಲ್ಲ.

ವೈನಿಯ ಒಲೆಯನ್ನು ಎರಡು ದಿನ ಬೇಡಿ ಪಡೆದೆ. ಅಣ್ಣನ ಹೊಲಕ್ಕೆ ನಾನೇ ಹೋಗಿ ಸಣ್ಣ ಬದನೆಕಾಯಿ ಆರಿಸಿ ತಂದೆ. ಸುಲಗಾಯಿ, ಅದೇ ಹಸಿ ಕಡಲೆಕಾಯಿ, ಹಸಿಯಾಗಿಯೇ ಬಿಡಿಸಿ ಉಸುಳಿ ಮಾಡಿದೆ. ಹಾಲು ತುಂಬಿದ ಜೋಳದ ತೆನೆ ಸುಟ್ಟು, ಸೀತನಿ ಉದುರಿಸಿ, ಬೆಲ್ಲ ಬೆರೆಸಿ ಕಟ್ಟಿದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ. ಕಡಲೆ ತಪ್ಪಲಿನ ಪಲ್ಯವನ್ನು ತೊಳೆಯದೆಯೇ ಮಾಡಿದೆ. ಅದಕ್ಕೂ ಮೊದಲು ಎರಡು ಸಂಜೆ ತಡವಾಗಿ ಬಿತ್ತಿದ್ದ ಕಡಲೆಯ ಮೇಲೆ, ಉಟ್ಟು ಉಟ್ಟು ಮೆತ್ತಗಾದ ನನ್ನ ಮದುವೆಯ ಸೀರೆ ಹಾಸಿ ಬಂದಿದ್ದೆ. ಈ ಸಲ ತೂತು ಬಿದ್ದರೆ ನನ್ನ ಸೀರೆಗೆ ಬೀಳಲಿ. ಹಿಂಡಲು ಇನ್ನೊಂದು ತುದಿಯನ್ನು ಬೇಲಿಯ ಗೂಟಕ್ಕೆ ಕಟ್ಟಿದೆ. ಗೂಟ ನಿನ್ನಪ್ಪನಿಗಿಂತ ಗಟ್ಟಿಯಾಗಿ ನಿಂತಿತು. ಹಿಂಡಿದ್ದನ್ನು ಅರಭಾವಿಯಲ್ಲಿದ್ದ ಥರದ್ದೇ ಚೀನಿ ಬರಣಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ, ಬುಟ್ಟಿಯ ಎಲ್ಲಕ್ಕಿಂತ ಮೇಲೆ ಇಟ್ಟೆ.

ಹೊಳೆಪ್ಪನಿಗೆ ಹೇಳಿದೆ, "ಎಲ್ಲಾರ ಮುಂದ ಬಿಚ್ಚಿಸು. ಈ ಬರಣಿ ಪದ್ಮವ್ವನ ಕೈಯಾಗ ಕೊಡು. ಆಕಿಗಿ ಇದು ಏನಂತ ಗೊತ್ತೈತಿ" ಎಂದು. ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ. ಉಡಿ ತುಂಬಲು ಬಂದ ಹೆಂಗಸರ ನಡುವೆ, ಹಸಿರು ಕುಬಸ ತೊಟ್ಟು, ಯಾರೂ ಬೈಯಲಾಗದ ಆ ಒಂದು ದಿನ ಪದ್ಮವ್ವ ಬರಣಿ ಬಿಚ್ಚಿ ಒಂದು ಹನಿ ನಾಲಗೆಗೆ ಹಚ್ಚಿಕೊಳ್ಳಬೇಕು. ನಾನೇ ಕೇಳಿದ್ದೆ, ನಾನೇ ಅರಿವೆ ಕೊಟ್ಟಿದ್ದೆ ಎನ್ನಬೇಕು. ಅಷ್ಟು ಸಾಕಾಗಿತ್ತು. ನಾನು ಆ ಮನೆಗೆ ಹಿಂದಿರುಗದಿದ್ದರೂ ಚಿಂತೆಯಿರಲಿಲ್ಲ, ನಿನ್ನ ಹೆಸರನ್ನು ಮೊದಲ ಸಲ ಕೂಗುವ ದಿನ ನನ್ನ ಹೆಸರಿಗೆ ಕಲೆ ಇರುತ್ತಿರಲಿಲ್ಲ.

ನಿನ್ನೆ ಸಂಜೆ ಹೊಳೆಪ್ಪ ಬುಟ್ಟಿ ತಿರುಗಿ ತಂದ. ಬುತ್ತಿಯ ಬುಟ್ಟಿಯನ್ನು ಬರಿದಾಗಿ ಕಳಿಸುವ ಪದ್ಧತಿಯಿಲ್ಲ, ಬೀಗರಿಗೆ ಹಾಕಿ ಕಳಿಸುವ ಹಾಗೆ ಒಂದು ಹಿಡಿ ಜೋಳ, ಒಂದು ಬೆಲ್ಲದ ಚೂರು ಇದ್ದವು. ಬರಣಿ ತೊಳೆದು ಇಟ್ಟಿತ್ತು, ಖಾಲಿ. ಏನಾಯಿತು ಹೇಳು ಎಂದೆ.

ಬರಣಿಯನ್ನು ಎಲ್ಲರ ಮುಂದೆ ಕೊಟ್ಟನಂತೆ. ಅತ್ತೆ ಮೂಸಿ ನೋಡಿ ಹುಬ್ಬು ಗಂಟಿಕ್ಕಿ, "ಇದೇನ ಪದ್ಮವ್ವ?" ಎಂದರಂತೆ. "ಏನೋ ಯಾರಿಗ್ಗೊತ್ತರಿ, ನನಗ ಬ್ಯಾಡ" ಎಂದು ಅವಳು ಬರಣಿಯನ್ನು ದೂರ ಸರಿಸಿದಳಂತೆ. ಉಳಿದದ್ದನ್ನೆಲ್ಲ ಉಂಡರಂತೆ. ಎಣ್ಣೆಗಾಯಿ ಕಾಶೆವ್ವನದೇ ಎಂದು ಹೆಂಗಸರು ಅಂದರಂತೆ. ಹಾಗಾದರೆ ಹುಳಿ ಯಾರು ಚೆಲ್ಲಿದರು ಎಂದು ಕೇಳಿದೆ. ಅವನು ಅತ್ತಿತ್ತ ನೋಡಿದ. ಜನ ಹೋದ ಮೇಲೆ ಅವನು ದನದ ಕೊಟ್ಟಿಗೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದಾಗ ಪದ್ಮವ್ವ ಹಸಿರು ಸೀರೆಯ ಸೆರಗಿನಲ್ಲಿ ಬರಣಿ ಮುಚ್ಚಿಕೊಂಡು ಬಣವೆಯ ಹಿಂದೆ ಬಂದಳಂತೆ. ನಿಂತಲ್ಲೇ ಅಷ್ಟನ್ನೂ ಕುಡಿದಳಂತೆ. ಬಾಯಿ ಒರೆಸಿಕೊಂಡು, ಬಾವಿಯಲ್ಲಿ ಬರಣಿ ತೊಳೆದು ಅವನ ಕೈಗೆ ಕೊಟ್ಟು ಹೇಳಿದಳಂತೆ, "ಅಕ್ಕಗ ಇನ್ನೊಂದೀಟ ಕಳಸ್ರಿ ಅಂತ ಹೇಳು. ಅತ್ತಿಗಿ ಗೊತ್ತಾಗೂದ ಬ್ಯಾಡ."

ಕೂಸೇ, ಆ ಹುಳಿ ನಿನಗೆ ಮುಟ್ಟಿತು. ಅಷ್ಟರ ಮಟ್ಟಿಗೆ ನಾನು ಕಳಿಸಿದ್ದು ವ್ಯರ್ಥವಾಗಲಿಲ್ಲ. ಪದ್ಮವ್ವ ಹೆದರಿದ್ದಾಳೆ, ಚಿಕ್ಕವಳು, ಆ ಮನೆಯಲ್ಲಿ ಇರಬೇಕಾದವಳು ಎಂದು ನಿನ್ನೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹೇಳಿಕೊಂಡರೂ ಮನಸ್ಸು ಒಪ್ಪುತ್ತಿಲ್ಲ. ಬಣವೆಯ ಹಿಂದೆ ನಾನು ಅವಳಿಗೆ ಅಕ್ಕ, ನಡುಮನೆಯಲ್ಲಿ ಯಾರೂ ಅಲ್ಲ. ಹೊಳೆಪ್ಪ ಇವತ್ತು ಬೆಳಿಗ್ಗೆ ಹೊರಡುವ ಮೊದಲು ಬರಣಿ ಕೊಡ್ರಿ ಎಂದು ಕೈ ಚಾಚಿದ. ನಾನು ಅದನ್ನು ಗೋಡೆಯ ಮಾಡದೊಳಗೆ ಮಗುಚಿ ಇಟ್ಟು, ಇಲ್ಲ ಎಂದು ಹೇಳಿ ಕಳಿಸಿದೆ. ನೀನು ಕೇಳುತ್ತಿದ್ದೀಯೋ ಅವಳು ಕೇಳುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ನೀನೇ ಆಗಿದ್ದರೆ ಸಿಟ್ಟು ಮಾಡಿಕೊಳ್ಳಬೇಡ. ಗಾಡಿ ಓಣಿ ತಿರುಗುವ ತನಕ ನನ್ನ ಕೈ ಮಾಡದ ಹತ್ತಿರವೇ ಇತ್ತು.

ಇವತ್ತು ಸಂಜೆ ಅಣ್ಣನ ಹೊಲದಲ್ಲಿ ಅರಿವೆ ಹಾಸುವುದಿಲ್ಲ. ನ್ಯಾಯವಾಗಿ ಹಾಸಬೇಕಾದ ದಿನ ಇನ್ನೂ ದೂರವಿದೆ. ನೀನು ಹುಟ್ಟಿ, ನಡೆದು, ಮಾತು ಕಲಿಯಬೇಕು. ಕಡಲೆ ಗಿಡ ಹಸಿರಾಗಿರುವ ಒಂದು ಚಳಿಗಾಲ ಹುಕ್ಕೇರಿಗೆ ಬಂದು, ಕಟ್ಟೆಯ ಮೇಲೆ ಕೂತ ಜನರ ಮುಂದೆ, ನಿನ್ನಪ್ಪ ಜೊತೆಗಿದ್ದರೆ ಅವರ ಮುಂದೆಯೂ, ದೊಡ್ಡವ್ವಾ ಹುಳಿ ಕೊಡು ಎಂದು ಕೇಳು. ನನ್ನ ಹತ್ತಿರ ಎಷ್ಟು ಸೀರೆಗಳಿವೆಯೋ ಅಷ್ಟನ್ನೂ ಹಾಸುತ್ತೇನೆ, ಎಲ್ಲದಕ್ಕೂ ತೂತು ಬೀಳಲಿ.

ಹೊಟ್ಟೆ ತುಂಬ ಉಣ್ಣು, ಸುಖವಾಗಿ ಹುಟ್ಟು. ಬೇಕಾದದ್ದನ್ನು ಎಲ್ಲರ ಮುಂದೆ ಕೇಳುವ ಬಾಯಿ ನಿನಗೆ ಬರಲಿ. ನಿನ್ನ ತಾಯಿಯ ಬಣ್ಣ ಬರಲಿ, ಅಪ್ಪನ ಎತ್ತರ ಬರಲಿ, ಜನರ ಮುಂದೆ ಬಾಯಿ ಮುಚ್ಚಿಕೊಳ್ಳುವ ಗುಣವೊಂದು ಅವರಿಬ್ಬರಿಂದಲೂ ಬಾರದಿರಲಿ.

ನಿನ್ನನ್ನು ಎತ್ತಿಕೊಳ್ಳದೆಯೇ ನಿನಗೆ ಉಣಿಸಿದವಳು,
ಕಾಶೆವ್ವ